ಜಿ.ಸ್ಕಿಲ್ ಫ್ಲೇರ್ ಎಕ್ಸ್5: 6000 ಓಡುತ್ತದೆ, ಓಡಿಸಲು ಬರಬೇಕು

ಇದು ಪಿಸಿಗೆ ಹಾಕುವ ರ್ಯಾಮ್ ಕಿಟ್: ಡಿಡಿಆರ್5-6000, 16 ಜಿಬಿಯ ಎರಡು ಸ್ಟಿಕ್, ಟೈಮಿಂಗ್ ಸಿಎಲ್ 30-38-38-96, 1.35 ವೋಲ್ಟ್. ಸ್ಟಿಕ್ಕಿಗೆ ಅಂಟಿಸಿದ ಚೀಟಿಯಲ್ಲಿ ಇಷ್ಟು ಬರೆದಿರುತ್ತದೆ. ಆದರೆ ಸ್ಲಾಟಿಗೆ ಹಾಕಿ ಪಿಸಿ ಆನ್ ಮಾಡಿದರೆ ಇದು ಓಡುವುದು 4800ರಲ್ಲಿ, 1.1 ವೋಲ್ಟಿನಲ್ಲಿ. 6000 ಬೇಕಿದ್ದರೆ ಬಯೋಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್ ಪರದೆಗೆ) ಹೋಗಿ ಎಕ್ಸ್‌ಪೋ ಎಂಬ ವೇಗದ ಪ್ರೊಫೈಲನ್ನು ನಾವೇ ಆನ್ ಮಾಡಬೇಕು, ಆನ್ ಮಾಡಿದ ಕ್ಷಣದಿಂದ ಅದು ಓವರ್‌ಕ್ಲಾಕಿಂಗ್, ಅಂದರೆ ಅಧಿಕೃತ ಮಿತಿ ಮೀರಿ ಓಡಿಸುವುದು. ಪೆಟ್ಟಿಗೆಯ ಮೇಲೆ ಎಷ್ಟು ದೊಡ್ಡ ಅಂಕಿ ಅಚ್ಚಾಗಿದ್ದರೂ ಎರಡು ಸ್ಟಿಕ್ಕಿಗೆ ಎಎಂಡಿ ಅಧಿಕೃತವಾಗಿ ಒಪ್ಪುವುದು ರೈಜನ್ 7000 ಸರಣಿಯಲ್ಲಿ 5200, 9000 ಸರಣಿಯಲ್ಲಿ 5600. ಅದನ್ನು ದಾಟಿದರೆ ಪ್ರೊಸೆಸರಿನ ವಾರಂಟಿ ಸಿಗದು ಎಂದು ಸಣ್ಣ ಅಕ್ಷರದಲ್ಲಿ ಬರೆದೂ ಇಟ್ಟಿದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕಿಟ್ ಒಳ್ಳೆಯದು. ಎಎಂ5 (ಈ ರೈಜನ್‌ಗಳು ಕೂರುವ ಸಾಕೆಟ್) ಬೋರ್ಡಿಗೆ ಇದಕ್ಕಿಂತ ದುಬಾರಿ ರ್ಯಾಮ್ ಹೆಚ್ಚಿನವರಿಗೆ ಬೇಕಿಲ್ಲ. ತೊಂದರೆ ಇರುವುದು ಮುಂಬೈಯಲ್ಲಿ ಪಿಸಿ ಮಾಡಿಸುವ ರೂಢಿಯಲ್ಲಿ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಸೆಂಬಲ್ ಮಾಡಿಸುತ್ತೀರಿ, ಕೌಂಟರಿನಲ್ಲಿ ‘ಎಕ್ಸ್‌ಪೋ ಆನ್ ಕರ್ ದಿಯಾ ಹೈ, ಟೆನ್ಶನ್ ಮತ್ ಲೋ’ ಅನ್ನುತ್ತಾರೆ, ವಿಂಡೋಸ್ ತೆರೆದದ್ದನ್ನು ತೋರಿಸಿ ಪ್ಯಾಕ್ ಮಾಡಿಕೊಡುತ್ತಾರೆ. ಎಸಿ ಹಾಕಿದ ಅಂಗಡಿಯಲ್ಲಿ ಹತ್ತು ನಿಮಿಷ ನಿಂತ ಪಿಸಿ ಡೊಂಬಿವಲಿಯ ಮನೆಯಲ್ಲಿ, ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ, ಸಂಘದ ಯಕ್ಷಗಾನದ ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗಲೂ ನಿಲ್ಲಬೇಕಲ್ಲ?

6000ದಲ್ಲಿ ನಿಲ್ಲಬೇಕಾದರೆ ಮೂವರು ಒಪ್ಪಬೇಕು: ಸ್ಟಿಕ್ಕಿನ ಚಿಪ್ಪುಗಳು, ಪ್ರೊಸೆಸರಿನ ಒಳಗಿರುವ ಮೆಮೊರಿ ಕಂಟ್ರೋಲರ್, ಇವೆರಡರ ನಡುವೆ ಬೋರ್ಡಿನಲ್ಲಿ ಎಳೆದ ತಾಮ್ರದ ಗೆರೆಗಳು. ಎಕ್ಸ್‌ಪೋ ಎಂಬುದು ಸ್ಟಿಕ್ಕಿನೊಳಗೆ ಬರೆದಿಟ್ಟ ಅದರದೇ ಜಾತಕ. ನಿಮ್ಮ ಪ್ರೊಸೆಸರಿನ ಜಾತಕದ ಜೊತೆ ಅದನ್ನು ಕೂಡಿಸಿ ನೋಡಿದವರು ಯಾರೂ ಇಲ್ಲ. ಒಂದೇ ಮಾದರಿಯ ಎರಡು ರೈಜನ್ 5 7600 ತಂದರೂ ಒಂದರಲ್ಲಿ ಸಲೀಸಾಗಿ ಓಡಿದ್ದು ಇನ್ನೊಂದರಲ್ಲಿ ತೊಡರಬಹುದು.

ಇಷ್ಟೆಲ್ಲ ಪಾಡು ಪಟ್ಟು ಸಿಗುವುದೇನು? 6000 ಎಂಬುದು ಸೆಕೆಂಡಿಗೆ ನಡೆಯುವ ವರ್ಗಾವಣೆಯ ಲೆಕ್ಕ, ನಿಜವಾದ ಗಡಿಯಾರ 3000 ಮೆಗಾಹರ್ಟ್ಸ್. ಸಿಎಲ್ 30 ಅಂದರೆ ಕೇಳಿದ ಮಾಹಿತಿ ಬರಲು 30 ಸುತ್ತು ಕಾಯುವುದು, ಅಂದರೆ 10 ನ್ಯಾನೊಸೆಕೆಂಡು. 4800ರ ಸಿಎಲ್ 40ರಲ್ಲಿ ಅದೇ ಕಾಯುವಿಕೆ ಸುಮಾರು 16.7. ಎರಡು ಚಾನೆಲ್ ಸೇರಿದರೆ ಕಾಗದದ ಮೇಲೆ 96 ಜಿಬಿ ಪ್ರತಿ ಸೆಕೆಂಡಿಗೆ, 4800ಕ್ಕೆ 76.8. ಪ್ರೊಸೆಸರೇ ತಡೆಯಾಗಿರುವ ಆಟಗಳಲ್ಲಿ, ದೊಡ್ಡ ಕೋಡ್ ಕಂಪೈಲ್‌ನಲ್ಲಿ, 7-ಜಿಪ್‌ನಲ್ಲಿ ಇದು ಕಾಣುತ್ತದೆ. ಬ್ಯಾಂಕ್ ಕೆಲಸ, ಟ್ಯಾಲಿ, ಯೂಟ್ಯೂಬ್ ಇಷ್ಟೇ ಆದರೆ 4800ರಲ್ಲೇ ಬಿಟ್ಟು ನೆಮ್ಮದಿಯಾಗಿರಿ.

ಸ್ಟಿಕ್ಕಿನ ಎತ್ತರ 33 ಮಿಲಿಮೀಟರ್, ಬಣ್ಣದ ಲೈಟಿಲ್ಲ. ದೊಡ್ಡ ಏರ್ ಕೂಲರಿನ ಫ್ಯಾನ್ ರ್ಯಾಮಿನ ಮೇಲೆ ಬಾಗಿ ಬರುವ ಪಿಸಿಗಳಲ್ಲಿ ಈ ಕುಳ್ಳತನ ವರ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಬೋರ್ಡಿನ ಮೇಲೆ ಎ2, ಬಿ2 ಎಂದಿರುತ್ತದೆ. ಗೆರೆ ಒಂದನೇ ಸ್ಲಾಟನ್ನು ಮುಟ್ಟಿ ಎರಡನೆಯದಕ್ಕೆ ಹೋಗಿ ಮುಗಿಯುತ್ತದೆ. ಮೊದಲ ಸ್ಲಾಟಿಗೆ ಹಾಕಿ ಕೊನೆಯದನ್ನು ಖಾಲಿ ಬಿಟ್ಟರೆ ಆ ಉಳಿದ ತುಂಡು ಗೆರೆಯಿಂದ ಸಿಗ್ನಲ್ ಬಾವಿಯೊಳಗೆ ಕೂಗಿದಂತೆ ತಿರುಗಿ ಬಂದು ಅಸಲಿನ ಮೇಲೆ ಬೀಳುತ್ತದೆ. 4800ರಲ್ಲಿ ನಡೆದುಹೋಗುವ ಈ ತಪ್ಪು 6000ದಲ್ಲಿ ನಡೆಯುವುದಿಲ್ಲ. ಈಗಿನ ಹಲವು ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ. ಆ ಕಡೆ ‘ಟಕ್’ ಅಂದಿತೆಂದು ಕೈ ತೆಗೆಯಬೇಡಿ, ಕ್ಲಿಪ್ ಇಲ್ಲದ ತುದಿ ಕೂದಲೆಳೆಯಷ್ಟು ಮೇಲೆ ನಿಂತಿರಬಹುದು. ಬಂಗಾರದ ಅಂಚು ಎರಡೂ ತುದಿಯಲ್ಲಿ ಒಂದೇ ಸಮ ಮುಳುಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಹಳೆಯ ಸ್ಟಿಕ್ಕಾದರೆ ಮಳೆಗಾಲದ ತೇವಕ್ಕೆ, ಧೂಳಿಗೆ ಅಂಚು ಮಂಕಾಗಿರುತ್ತದೆ. ರಿಪೇರಿಯವರು ತಕ್ಷಣ ಪೆನ್ಸಿಲ್ ರಬ್ಬರ್ ಎತ್ತಿಕೊಳ್ಳುತ್ತಾರೆ. ಬೇಡ. ತೆಳುವಾದ ಬಂಗಾರದ ಲೇಪ ಸವೆಯುತ್ತದೆ, ಪುಡಿ ಸ್ಲಾಟಿನಲ್ಲಿ ಕೂರುತ್ತದೆ. ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಐಪಿಎ ಎಂದು ಕೇಳಿದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಬಾಟಲಿ ಕೊಡುತ್ತಾರೆ. ನೂಲು ಬಿಡದ ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿ, ಒಣಗಿಸಿ, ಹಾಕಿ.

ಎಕ್ಸ್‌ಪೋ ಆನ್ ಮಾಡಿ ಸೇವ್ ಮಾಡಿದ ಮೇಲೆ ಪರದೆ ಕಪ್ಪಾಗುತ್ತದೆ, ಬೋರ್ಡಿನಲ್ಲಿ ಡಿರ್ಯಾಮ್ ಎಂದು ಬರೆದ ಪುಟ್ಟ ದೀಪ ಹತ್ತಿಕೊಂಡೇ ಇರುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ಮತ್ತೇನೂ ಇಲ್ಲ. ಇದು ಮೆಮೊರಿ ಟ್ರೈನಿಂಗ್: ಯಾವ ಗೆರೆಗೆ ಎಷ್ಟು ತಡ, ಎಷ್ಟು ವೋಲ್ಟೇಜ್ ಎಂದು ಬೋರ್ಡು ಒಂದೊಂದಾಗಿ ಅಳೆಯುತ್ತಿರುತ್ತದೆ. ಕೆಲವು ನಿಮಿಷ ಹಿಡಿಯಬಹುದು, ನಡುವೆ ತಾನೇ ಒಂದೆರಡು ಸಲ ಆಫ್ ಆಗಿ ಆನ್ ಆಗಬಹುದು. ಗಾಬರಿಯಾಗಿ ಸ್ವಿಚ್ ತೆಗೆದವರದ್ದೇ ಅರ್ಧ ಫಜೀತಿ. ಕಾಲು ಗಂಟೆ ಕಾದರೂ ಬರದಿದ್ದರೆ ಆಗ ಎಸ್‌ಎಂಪಿಎಸ್‌ನ ಪ್ಲಗ್ ತೆಗೆದು, ಬೋರ್ಡಿನ ಕ್ಲಿಯರ್ ಸಿಮಾಸ್ ಪಿನ್ ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡು ಮುಟ್ಟಿಸಿ. ಮತ್ತೆ 4800ಕ್ಕೆ ಬರುತ್ತದೆ. ಏನೂ ಕೆಟ್ಟಿರುವುದಿಲ್ಲ.

ಇನ್ನು ಅಸಲು ಕಥೆ. ಟ್ರೈನಿಂಗ್ ಮುಗಿದು ವಿಂಡೋಸ್ ತೆರೆಯಿತು ಅಂದರೆ ಸ್ಥಿರವಾಯಿತು ಎಂದಲ್ಲ. ಅಸ್ಥಿರ ರ್ಯಾಮ್ ರಂಪ ಮಾಡುವುದಕ್ಕಿಂತ ಗುಟ್ಟಾಗಿ ಹಾಳು ಮಾಡುವುದೇ ಹೆಚ್ಚು. ಬ್ರೌಸರಿನ ಒಂದೇ ಟ್ಯಾಬ್ ಸಾಯುತ್ತದೆ. ಜಿಪ್ ಬಿಚ್ಚುವಾಗ ಸಿಆರ್‌ಸಿ ತಪ್ಪು (ಫೈಲ್ ಕೆಟ್ಟಿದೆ ಎಂಬ ಸೂಚನೆ) ಬರುತ್ತದೆ, ಅದೇ ಫೈಲ್ ಎರಡನೇ ಸಲ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಗಂಟೆಯ ವಿಡಿಯೊದಲ್ಲಿ ನಲವತ್ತನೇ ನಿಮಿಷದ ಒಂದು ಫ್ರೇಮ್ ಹಸಿರು ಚೌಕಗಳಾಗುತ್ತದೆ. ನೀಲಿ ಪರದೆಯಲ್ಲಿ ಇವತ್ತು ಮೆಮೊರಿ ಮ್ಯಾನೇಜ್‌ಮೆಂಟ್, ನಾಳೆ ಐಆರ್‌ಕ್ಯೂಎಲ್, ನಾಡಿದ್ದು ಇನ್ನೊಂದು. ಹೀಗೆ ದಿನಕ್ಕೊಂದು ಹೆಸರು ಬಂದರೆ ಡ್ರೈವರಿಗಿಂತ ಮೊದಲು ರ್ಯಾಮನ್ನು ಅನುಮಾನಿಸಿ. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಫೈಲಿನ ಹೆಸರು ಮತ್ತೆ ಮತ್ತೆ ಬರುತ್ತದೆ. ‘ಡಿಡಿಆರ್5ನಲ್ಲಿ ಇಸಿಸಿ ಒಳಗೇ ಇದೆ, ತಪ್ಪು ಬರೋದೇ ಇಲ್ಲ’ ಎಂಬ ಮಾತನ್ನೂ ನಂಬಬೇಡಿ. ಇಸಿಸಿ ಅಂದರೆ ತಪ್ಪು ತಿದ್ದುವ ವ್ಯವಸ್ಥೆ, ಆದರೆ ಆ ತಿದ್ದುಪಡಿ ಚಿಪ್ಪಿನ ಗೋಡೆಯೊಳಗೆ ಮಾತ್ರ. ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಯಲ್ಲಿ ಬಿಟ್ ಮಗುಚಿದರೆ ಅದಕ್ಕೆ ಸುದ್ದಿಯೇ ಇಲ್ಲ, ವೇಗ ಏರಿಸಿದಾಗ ಮಗುಚುವುದು ಹೆಚ್ಚಾಗಿ ಅಲ್ಲೇ.

ಸರಿಪಡಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಕಾಗದದಲ್ಲಿ ಬರೆದಿಡಿ. ಮೊದಲು ಎಕ್ಸ್‌ಪೋ ಆಫ್ ಮಾಡಿ 4800ರಲ್ಲಿ ಮೆಮ್‌ಟೆಸ್ಟ್86 ಎಂಬ ರ್ಯಾಮ್ ಪರೀಕ್ಷೆಯನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಒಂದು ರಾತ್ರಿ ಓಡಿಸಿ. ಉಚಿತ ಆವೃತ್ತಿ ನಾಲ್ಕು ಸುತ್ತು ಮುಗಿಸಿ ನಿಲ್ಲುತ್ತದೆ, 32 ಜಿಬಿಗೆ ಅಷ್ಟು ಸಾಕು. ಅಲ್ಲೇ ಕೆಂಪು ಸಾಲು ಬಂದರೆ ಸ್ಟಿಕ್ ಒಂದೊಂದನ್ನೇ ಎ2ನಲ್ಲಿ ಹಾಕಿ ನೋಡಿ. ಒಂದು ಸ್ಟಿಕ್ ಮಾತ್ರ ತಪ್ಪು ತೋರಿದರೆ ಆ ಸ್ಟಿಕ್ ಕೆಟ್ಟಿದೆ. ಟ್ಯೂನಿಂಗ್ ಮಾಡುತ್ತ ಕೂರದೆ ಪೂರಾ ಕಿಟ್ ಹಿಂದಿರುಗಿಸಿ. ಎರಡೂ ಪಾಸಾಗಿ, ಬಿ2ಗೆ ಹಾಕಿದಾಗ ಮಾತ್ರ ತಪ್ಪು ಬಂದರೆ ಅಥವಾ 32ರ ಬದಲು 16 ಜಿಬಿ ಮಾತ್ರ ಕಂಡರೆ, ಕಣ್ಣು ಪ್ರೊಸೆಸರ್ ಸಾಕೆಟ್ಟಿನ ಕಡೆ ಹೋಗಲಿ. ಪಿನ್ ಬಾಗಿರಬಹುದು, ಇಲ್ಲವೇ ಕೂಲರ್ ಒಂದು ಮೂಲೆಯಲ್ಲಿ ಅತಿ ಬಿಗಿಯಾಗಿರಬಹುದು. ಸ್ಕ್ರೂ ಎಲ್ಲ ಸಡಿಲಿಸಿ, ಎದುರುಬದುರು ಮೂಲೆಗಳನ್ನು ಅರ್ಧರ್ಧ ಸುತ್ತಿನಂತೆ ಬಿಗಿದರೆ ಕಾಣೆಯಾದ ಚಾನೆಲ್ ಮರಳಿದ ಉದಾಹರಣೆಗಳು ಎಷ್ಟೋ ಇವೆ.

4800ರಲ್ಲಿ ಶುದ್ಧವಾಗಿದ್ದು 6000ದಲ್ಲಿ ಮಾತ್ರ ತಪ್ಪು ಬಂದರೆ ಕೆಲಸ ಬಯೋಸ್‌ನಲ್ಲಿದೆ. ಮೊದಲು ಬಯೋಸ್ ಅಪ್‌ಡೇಟ್. ಎಎಂ5 ಬಂದ 2022ರ ಬಯೋಸ್‌ಗೂ ಈಗಿನದಕ್ಕೂ ಮೆಮೊರಿ ವಿಷಯದಲ್ಲಿ ಅಜಗಜಾಂತರ. ಅಂಗಡಿಯ ಅಟ್ಟದಲ್ಲಿ ವರ್ಷ ಕೂತ ಬೋರ್ಡಿನಲ್ಲಿ ಹಳೆಯದೇ ಇರುತ್ತದೆ. ಅಪ್‌ಡೇಟ್ ಮಾಡುವಾಗ ರ್ಯಾಮ್ 4800ರಲ್ಲೇ ಇರಲಿ. ಅಸ್ಥಿರ ರ್ಯಾಮಿನ ಮೂಲಕ ಹಾದ ಬಯೋಸ್ ಫೈಲನ್ನು ಬೋರ್ಡಿಗೆ ಬರೆಯುವುದು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ ಹಾಗೆ.

ಆಮೇಲೆ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಸೆಟ್ಟಿಂಗ್ ಹುಡುಕಿ. ಹಿಂದಿನ ಟ್ರೈನಿಂಗಿನ ಫಲಿತಾಂಶವನ್ನೇ ಉಳಿಸಿಕೊಂಡು ಬೂಟ್ ಬೇಗ ಮಾಡಿಸುವುದು ಇದರ ಕೆಲಸ. ಇದು ಆನ್ ಇದ್ದು ಪವರ್ ಡೌನ್ ಎನೇಬಲ್ ಎಂಬ ಇನ್ನೊಂದು ಸೆಟ್ಟಿಂಗ್ ಆಫ್ ಇದ್ದರೆ ಕೆಲವು ಬೋರ್ಡುಗಳಲ್ಲಿ ನೀಲಿ ಪರದೆ ಖಾತ್ರಿ. ಎರಡನ್ನೂ ಆನ್ ಇಡಿ, ಇಲ್ಲವೇ ರಿಸ್ಟೋರ್ ಆಫ್ ಮಾಡಿ ಪ್ರತಿ ಬೂಟಿಗೆ ಟ್ರೈನಿಂಗ್ ಆಗುವಷ್ಟು ಹೊತ್ತು ಕಾಯಿರಿ. ಚಹಾ ಕಾಯಿಸಿಕೊಂಡು ಬರುವವರಿಗೆ ಎರಡನೆಯದೇ ವಾಸಿ.

ಮುಂದಿನದು ಎಸ್‌ಒಸಿ ವೋಲ್ಟೇಜ್, ಮೆಮೊರಿ ಕಂಟ್ರೋಲರಿಗೆ ಹೋಗುವ ವಿದ್ಯುತ್ತು. ಇಲ್ಲಿ ಎಚ್ಚರ ಬೇಕು. 2023ರ ಏಪ್ರಿಲ್‌ನಲ್ಲಿ 7800ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್ಟಿನಲ್ಲೇ ಉಬ್ಬಿ ಸುಟ್ಟ ಚಿತ್ರಗಳು ಬಂದಾಗ ಬೆರಳು ನೆಟ್ಟದ್ದು ಇದರ ಮೇಲೇ: ಎಕ್ಸ್‌ಪೋ ಆನ್ ಮಾಡಿದೊಡನೆ ಬೋರ್ಡುಗಳು ಇದನ್ನು ಸಿಕ್ಕಾಪಟ್ಟೆ ಏರಿಸುತ್ತಿದ್ದವು. ಆಮೇಲೆ ಎಎಂಡಿ 1.3 ವೋಲ್ಟ್ ಮೇಲ್ಮಿತಿ ಹಾಕಿತು. ಹಾಗಾಗಿ ಆಟೋಗೆ ಬಿಡದೆ ಕೈಯಲ್ಲೇ 1.20 ಹಾಕಿ ಶುರು ಮಾಡಿ. ತಪ್ಪು ಬಂದರೆ 1.22, 1.25. ಎರಡು ಸ್ಟಿಕ್ಕಿನ 6000ಕ್ಕೆ 1.25ರೊಳಗೆ ಸಾಲದಿದ್ದರೆ ಇನ್ನೂ ಏರಿಸುವುದರಲ್ಲಿ ಅರ್ಥವಿಲ್ಲ, ಆ ಪ್ರೊಸೆಸರಿಗೆ 6000 ಆಗಿಬರುವುದಿಲ್ಲ ಅಂದುಕೊಳ್ಳಿ. ಇದೇ ಹೊತ್ತಿಗೆ ಯುಕ್ಲಾಕ್ ಎಂಬ ಮೆಮೊರಿ ಕಂಟ್ರೋಲರಿನ ಗಡಿಯಾರ ಮೆಮೊರಿ ಗಡಿಯಾರಕ್ಕೆ ಸಮವಾಗಿ, 3000ದಲ್ಲಿ, ಇದೆಯೇ ನೋಡಿ. ಅರ್ಧಕ್ಕೆ ಇಳಿದಿದ್ದರೆ ಸ್ಥಿರತೆ ಸಿಕ್ಕರೂ ವೇಗದ ಲಾಭ ಹೋಗುತ್ತದೆ. ಎಫ್‌ಕ್ಲಾಕ್ (ಪ್ರೊಸೆಸರಿನ ಒಳಭಾಗಗಳನ್ನು ಬೆಸೆಯುವ ಕೊಂಡಿಯ ಗಡಿಯಾರ) 2000 ಇರಲಿ. ಯಾರೋ ಹೇಳಿದರೆಂದು 2133 ಹಾಕಿದ್ದರೆ ಮೊದಲು ಅದನ್ನು ಇಳಿಸಿ.

ಸ್ಟಿಕ್ಕಿನ ವೋಲ್ಟೇಜ್ ವಿಡಿಡಿ ಮತ್ತು ವಿಡಿಡಿಕ್ಯೂ, ಎರಡೂ 1.35. ಇವನ್ನು 1.38ಕ್ಕೆ, ತೀರಾ ಬೇಕಾದರೆ 1.40ಕ್ಕೆ ಏರಿಸಬಹುದು, ಈ ದರ್ಜೆಯ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬರುವ ಹೈನಿಕ್ಸ್ ಚಿಪ್ ಅದನ್ನು ತಡೆಯುತ್ತದೆ. ಆದರೆ ಏರಿಸಿದ ಪ್ರತಿ ಹೆಜ್ಜೆಯೂ ಬಿಸಿಯಾಗುತ್ತದೆ, ಮುಂಬೈಯಲ್ಲಿ ಅದೇ ಅಡ್ಡ ಬರುವುದು. ಡಿಡಿಆರ್5ನಲ್ಲಿ ವೋಲ್ಟೇಜ್ ಇಳಿಸುವ ಚಿಪ್ ಸ್ಟಿಕ್ಕಿನ ಮೇಲೇ ಕೂತಿರುತ್ತದೆ, ಅದರ ಬಿಸಿಯೂ ಅಲ್ಲೇ ಸೇರುತ್ತದೆ. ಕೆಳಗೆ ಗ್ರಾಫಿಕ್ಸ್ ಕಾರ್ಡಿನ ಬೆನ್ನಿನಿಂದ ಏಳುವ ಬಿಸಿಗಾಳಿ ನೇರ ರ್ಯಾಮಿಗೆ. ಎಚ್‌ಡಬ್ಲ್ಯೂಇನ್ಫೊ ತೆರೆದರೆ ಪ್ರತಿ ಸ್ಟಿಕ್ಕಿನ ಸೆನ್ಸರ್ ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. 50ರೊಳಗೆ ನೆಮ್ಮದಿ, 55 ದಾಟಿ 60ರ ಹತ್ತಿರ ಹೋದರೆ ಬಿಗಿ ಮಾಡಿದ ಟೈಮಿಂಗುಗಳು ಕೈಕೊಡಲು ತೊಡಗುತ್ತವೆ. ಮೆಮೊರಿ ಕೋಶದಲ್ಲಿನ ಚಾರ್ಜ್ ಬಿಸಿಗೆ ಬೇಗ ಸೋರುತ್ತದೆ, ಮತ್ತೆ ತುಂಬುವ ಸರದಿ ಬರುವಷ್ಟರಲ್ಲಿ ಖಾಲಿ.

ಆ ಸರದಿಯ ಹೆಸರು ಟಿರೆಫಿ. ಪ್ರಮಾಣಿತ ಲೆಕ್ಕ 3.9 ಮೈಕ್ರೊಸೆಕೆಂಡು, ಅಂದರೆ 6000ದಲ್ಲಿ 11,700 ಸುತ್ತು. ಇಂಟರ್ನೆಟ್ಟಿನಲ್ಲಿ ಸಿಗುವ ‘ಬೆಸ್ಟ್ ಟೈಮಿಂಗ್’ ಪಟ್ಟಿಗಳಲ್ಲಿ ಇದನ್ನು 50,000 ಅಥವಾ 65,535 ಮಾಡಿ ಎಂದಿರುತ್ತದೆ. ಚಳಿದೇಶದವರ ಕೋಣೆಗೆ ಅದು ಹೊಂದೀತು. ಎಸಿ ಇಲ್ಲದ, 34 ಡಿಗ್ರಿಯ ಕೋಣೆಯಲ್ಲಿ ಅದನ್ನು ಕಾಪಿ ಮಾಡಿ ಕಳಕೊಂಡ ರಾತ್ರಿಗಳಿಗೆ ಲೆಕ್ಕವಿಲ್ಲ. ಆಟೋಗೆ ಬಿಡಿ. ಒಂದು ಸಲ ತುಂಬಲು ಬಿಡುವ ಸಮಯವಾದ ಟಿಆರ್‌ಎಫ್‌ಸಿ ಕೂಡ ಹಾಗೆಯೇ. 16 ಗಿಗಾಬಿಟ್ ಚಿಪ್ಪಿಗೆ ಪ್ರಮಾಣಿತ 295 ನ್ಯಾನೊಸೆಕೆಂಡು, 6000ದಲ್ಲಿ 885 ಸುತ್ತು. ಯಾರಾದರೂ 400ರ ಆಸುಪಾಸಿಗೆ ಇಳಿಸಿಟ್ಟಿದ್ದರೆ ಆಟೋಗೆ ತಂದು ಮತ್ತೆ ಟೆಸ್ಟ್ ಮಾಡಿ, ಅರ್ಧ ಪ್ರಕರಣ ಅಲ್ಲೇ ಬಗೆಹರಿಯುತ್ತದೆ. ರ್ಯಾಮಿಗೆ ಗಾಳಿ ಬೀಳುವಂತೆ ಕ್ಯಾಬಿನೆಟ್ಟಿನೊಳಗೆ ಒಂದು 120 ಎಂಎಂ ಫ್ಯಾನ್ ಕಟ್ಟಿದರೆ ಯಾವ ವೋಲ್ಟೇಜಿಗಿಂತಲೂ ಹೆಚ್ಚು ಉಪಕಾರ. ಜಿಪ್ ಟೈನಲ್ಲಿ ಕಟ್ಟಿದರೂ ನಡೆಯುತ್ತದೆ, ಚೆಂದ ಕಾಣದು ಅಷ್ಟೆ.

ಇಷ್ಟಾದರೂ ತಪ್ಪು ಬರುತ್ತಿದ್ದರೆ ಸೋಲು ಒಪ್ಪಿಕೊಳ್ಳಿ, ಅದರಲ್ಲಿ ಮಾನ ಹೋಗುವುದೇನಿಲ್ಲ. ಮೊದಲು ಟೈಮಿಂಗ್ 32-40-40 ಮಾಡಿ 6000ದಲ್ಲೇ ನೋಡಿ, ಆಮೇಲೆ 5800, ಆಮೇಲೆ 5600. ಸಿಎಲ್ ಸರಿಸಂಖ್ಯೆಯಲ್ಲೇ ಇರಲಿ. 5600ರಲ್ಲಿ ಸಿಎಲ್ 30 ಅಂದರೆ 10.7 ನ್ಯಾನೊಸೆಕೆಂಡು, 89.6 ಜಿಬಿ ಪ್ರತಿ ಸೆಕೆಂಡಿಗೆ. ಗಡಿಯಾರ ಹಿಡಿದು ಅಳೆಯದಿದ್ದರೆ ಈ ವ್ಯತ್ಯಾಸ ಯಾರಿಗೂ ತಿಳಿಯದು.

ಪ್ರತಿ ಬದಲಾವಣೆಯ ನಂತರ ಯಾವ ಟೆಸ್ಟ್? ವಿಂಡೋಸಿನ ಸ್ವಂತ ಮೆಮೊರಿ ಡಯಾಗ್ನೋಸ್ಟಿಕ್ ಬಿಟ್ಟುಬಿಡಿ, ಅದು ತೀರಾ ಸೌಮ್ಯ. ವಿಂಡೋಸಿನೊಳಗೆ ಟೆಸ್ಟ್‌ಮೆಮ್5 ಉಚಿತ, ಸ್ಟಿಕ್ಕಿನ ತಪ್ಪು ಹಿಡಿಯುವುದರಲ್ಲಿ ಚುರುಕು. ಕಂಟ್ರೋಲರಿನ ಕಡೆಯ ದೋಷಕ್ಕೆ ವೈ-ಕ್ರಂಚರ್‌ನ ವಿಟಿ3 ಎಂಬ ಪರೀಕ್ಷೆ. ಟೆಸ್ಟ್‌ಮೆಮ್5 ಗಂಟೆಗಟ್ಟಲೆ ಪಾಸಾದದ್ದು ಇದರಲ್ಲಿ ಐದು ನಿಮಿಷಕ್ಕೆ ಬೀಳುವುದುಂಟು, ಬಿದ್ದರೆ ಎಸ್‌ಒಸಿ ವೋಲ್ಟೇಜಿನ ಕಡೆಗೆ ಮರಳಿ. ಎರಡೂ ಪಾಸಾದ ಮೇಲೆ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ದುಡಿಸಿ, ಎಸಿ ಆಫ್ ಮಾಡಿ, ಮಧ್ಯಾಹ್ನದ ಹೊತ್ತಿನಲ್ಲಿ ಒಂದೆರಡು ಗಂಟೆ. ರಾತ್ರಿ ತಂಪಿನಲ್ಲಿ ಪಾಸಾಗಿ ಹಗಲಿಗೆ ಬೀಳುವ ಪಿಸಿ ಈ ಊರಿನ ವಿಶೇಷ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ, ‘ಒಂದು ತಾನೆ’ ಎಂಬ ರಿಯಾಯಿತಿ ಇಲ್ಲ. ಎಲ್ಲ ಸರಿಹೋದ ಮೇಲೆ, ಈ ನಡುವೆ ವಿಂಡೋಸಿನ ಫೈಲುಗಳು ಹಾಳಾಗಿರಬಹುದೆಂದು ಅಡ್ಮಿನ್ ಕಮಾಂಡಿನಲ್ಲಿ ಡಿಐಎಸ್ಎಂ ರಿಸ್ಟೋರ್‌ಹೆಲ್ತ್, ಅದರ ಹಿಂದೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ.

ನಾಲ್ಕು ಸ್ಟಿಕ್ಕಿನ ಆಸೆ ಇದ್ದವರಿಗೆ ಒಂದು ಮಾತು. ಈಗ ಒಂದು ಕಿಟ್, ದೀಪಾವಳಿ ಬೋನಸ್ಸಿಗೆ ಇನ್ನೊಂದು ಎಂಬ ಲೆಕ್ಕಾಚಾರ ಡಿಡಿಆರ್4 ಕಾಲಕ್ಕೆ ಸರಿ ಇತ್ತು. ಎಎಂ5ರಲ್ಲಿ ನಾಲ್ಕು ಸ್ಟಿಕ್ಕಿಗೆ ಎಎಂಡಿ ಅಧಿಕೃತವಾಗಿ ಹೇಳುವುದು 3600. ಹೌದು, 3600. ಕೆಲವರಿಗೆ ಅದಕ್ಕಿಂತ ಮೇಲೆ ಓಡುತ್ತದೆ, ಆದರೆ ಅದು ಲಾಟರಿ. 64 ಜಿಬಿ ಬೇಕಾಗುವ ಸಾಧ್ಯತೆ ಇದ್ದರೆ ಮೊದಲೇ 32ರ ಎರಡು ಸ್ಟಿಕ್ಕಿನ ಕಿಟ್ ತೆಗೆದುಕೊಳ್ಳಿ. ‘ಸೇಮ್ ಮಾಡೆಲ್ ಹೈ, ಚಲ್ ಜಾಯೇಗಾ’ ಎಂದು ಎರಡು ಬಿಡಿ ಸ್ಟಿಕ್ ಕೊಡಲು ಬಂದರೆ ಬೇಡ. ಒಂದೇ ಮಾದರಿಯ ಹೆಸರಿನಡಿ ಬೇರೆ ಚಿಪ್ ಬಂದಿರಬಹುದು. ಒಟ್ಟಿಗೆ ಪರೀಕ್ಷಿಸಿದ, ಒಂದೇ ಪ್ಯಾಕಿನ ಜೋಡಿಯೇ ಬೇಕು.

ಇಂಟೆಲ್ ಬೋರ್ಡಿನವರಿಗೆ ಈ ಕಿಟ್ ವಿಶೇಷವಾಗಿ ಶಿಫಾರಸು ಮಾಡುವುದಿಲ್ಲ. ಪ್ರೊಫೈಲನ್ನು ಎಎಂಡಿಗಾಗಿ ಬರೆದದ್ದು. ಇಂಟೆಲ್‌ನ ಅಂಥದೇ ಪ್ರೊಫೈಲಾದ ಎಕ್ಸ್‌ಎಂಪಿ ಇರುವ ಕಿಟ್ ನೋಡಿಕೊಳ್ಳಿ. 13 ಮತ್ತು 14ನೇ ಪೀಳಿಗೆಯ ಐ7, ಐ9 ಇದ್ದು, ಆಟ ತೆರೆದೊಡನೆ ‘ವಿಡಿಯೊ ಮೆಮೊರಿ ಸಾಲದು’ ಎಂದು ಬಂದರೆ ರ್ಯಾಮನ್ನು ಬೈಯುವ ಮುನ್ನ ಬಯೋಸ್ ನೋಡಿ. ಆ ಪ್ರೊಸೆಸರುಗಳದೇ ವೋಲ್ಟೇಜ್ ದೋಷಕ್ಕೆ ಇಂಟೆಲ್ 2024ರಲ್ಲಿ ಮೈಕ್ರೊಕೋಡ್ ತಿದ್ದುಪಡಿಗಳನ್ನು ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಎಷ್ಟೋ ಜನ ಅದುವರೆಗೆ ರ್ಯಾಮ್ ಬದಲಿಸಿ ಬದಲಿಸಿ ಸುಸ್ತಾಗಿದ್ದರು.

ಕೊಳ್ಳುವಾಗ ಜಿಎಸ್‌ಟಿ ಬಿಲ್ ಕಡ್ಡಾಯ. ಕಿಟ್‌ಗೆ ಲೈಫ್‌ಟೈಮ್ ವಾರಂಟಿ ಇದೆ, ಬಿಲ್ ಇಲ್ಲದೆ ಅದು ಬರಿ ಮಾತು. ಬಿಲ್ಲಿನಲ್ಲಿ ಎರಡೂ ಸ್ಟಿಕ್ಕಿನ ಸೀರಿಯಲ್ ನಂಬರ್ ಬರೆಸಿ. ಪ್ಲಾಸ್ಟಿಕ್ ಪ್ಯಾಕನ್ನು ಬಿಸಾಡಬೇಡಿ. ಇದೇ ಹೆಸರಿನಲ್ಲಿ ಸಿಎಲ್ 36ರ ಕಿಟ್ಟೂ ಇದೆ, ಕೌಂಟರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಿಎಲ್ 30ರ ದುಡ್ಡು ಕೊಟ್ಟು ಸಿಎಲ್ 36 ತರದಂತೆ ಚೀಟಿಯ ಅಂಕಿ ಓದಿಯೇ ದುಡ್ಡು ಕೊಡಿ. ಬೆಲೆಯ ಅಂತರ ಜಾಸ್ತಿ ಇದ್ದರೆ ಸಿಎಲ್ 36 ಕೂಡ ಕೆಟ್ಟ ಆಯ್ಕೆ ಅಲ್ಲ, 12 ನ್ಯಾನೊಸೆಕೆಂಡು.

ಸ್ಥಿರವಾದ ಸೆಟ್ಟಿಂಗ್ ಸಿಕ್ಕಿದ ಮೇಲೆ ಬಯೋಸ್‌ನಲ್ಲೇ ಪ್ರೊಫೈಲಾಗಿ ಉಳಿಸಿ, ಪರದೆಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದೊಮ್ಮೆ ಬಯೋಸ್ ಅಪ್‌ಡೇಟ್ ಆದಾಗ ಉಳಿಸಿದ ಪ್ರೊಫೈಲೂ ಅಳಿಸಿಹೋಗಿ ರ್ಯಾಮ್ ಸದ್ದಿಲ್ಲದೆ 4800ಕ್ಕೆ ಮರಳಿರುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಸ್ಪೀಡ್ ಎಂಬ ಸಾಲಿನಲ್ಲಿ ಈಗ ಎಷ್ಟು ಓಡುತ್ತಿದೆ ಎಂದು ಕಾಣುತ್ತದೆ.